ಆವಲಮ್ಮ ಹೇಳಿಕೊಟ್ಟ ಸಾಲು

ಆ ಹಲಗೆ ಮರವಲ್ಲ. ನೋಡಿದರೆ ಮರ. ಕಂದು ಬಣ್ಣ, ಮೇಲೆ ಮರದ ಗೆರೆ. ಮುಟ್ಟಿದರೆ ತಿಳಿಯುತ್ತದೆ. ಕೋಲಾರದ ಮಾರ್ಕೆಟ್ಟಿನ ಒಡೆದ ಟೊಮೆಟೊ ಕ್ರೇಟು, ಹಾಲಿನ ಪಾಕೀಟು, ಶಾಂಪೂ ಬಾಟಲಿ, ಎಲ್ಲವನ್ನೂ ತೊಳೆದು, ಅರೆದು, ಕರಗಿಸಿ, ಅಚ್ಚಿಗೆ ಹೊಯ್ದು ಮಾಡಿದ ಹಲಗೆ. ಗೆದ್ದಲು ತಿನ್ನುವುದಿಲ್ಲ. ನೀರಿಗೆ ಕೊಳೆಯುವುದಿಲ್ಲ. ಬೆಂಗಳೂರಿನ ಪಾರ್ಕುಗಳಿಗೆ ಬೆಂಚಾಗಿ ಹೋಗುತ್ತದೆ, ರೆಸಾರ್ಟುಗಳಿಗೆ ನೀರ ಪಕ್ಕದ ಜಗಲಿಯಾಗಿ ಹೋಗುತ್ತದೆ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಫ್ಯಾಕ್ಟರಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ: ಒಂದು ಹಲಗೆ, ಒಂದು ಮರದ ಜೀವ.

ನಮ್ಮ ಜೀವದ ವಿಷಯ ಗೋಡೆಯ ಮೇಲಿಲ್ಲ.

ಹಲಗೆಯ ಒಂದು ತುದಿ ಆವಲಮ್ಮನದು, ಇನ್ನೊಂದು ತುದಿ ನನ್ನದು. ಮರದ ಹಲಗೆಯಾದರೆ ಒಬ್ಬಳೇ ಹೆಗಲ ಮೇಲಿಟ್ಟು ನಡೆಯಬಹುದು. ಇದು ನಡು ಬಾಗುತ್ತದೆ, ಸಡಿಲವಾದ ಹಗ್ಗದ ಮಂಚದ ಹಾಗೆ. ಬಿಸಿಲಿಗಿಟ್ಟದ್ದಾದರೆ ಅಂಗೈ ಸುಡುತ್ತದೆ. ಅವಳು ಮುಂದೆ, ನಾನು ಹಿಂದೆ. ಒಯ್ದು ಗರಗಸದ ಮೇಜಿನ ಮೇಲೆ ಮಲಗಿಸಬೇಕು. ಗರಗಸ ನಡೆಸುವವನು ಸೀನ. ಬ್ಲೇಡು ಬಿಸಿಯೇರಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡನ್ನೇ ಕಚ್ಚಿಕೊಳ್ಳುತ್ತದೆ. ಹಲಗೆ ಹಿಂದಕ್ಕೆ ಒದೆಯುತ್ತದೆ. ಹಾಗೆ ಒಮ್ಮೆ ಒದ್ದಾಗ ಸೀನನ ಬೆರಳಿನ ತುದಿ ಹೋಯಿತು. ಅವತ್ತಿನಿಂದ ಅವನು ನಿಧಾನವಾಗಿ ತಳ್ಳುತ್ತಾನೆ. ಅವತ್ತಿನಿಂದ ಸೂಪರ್‌ವೈಸರ್ ಅನಿಲ್‌ಕುಮಾರ್ ಅವನನ್ನು ಸೋಮಾರಿ ಅನ್ನುತ್ತಾನೆ.

ಸಾದಾ ಹಲಗೆ ಕೊಯ್ದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಬೀಳುತ್ತದೆ. ಗುಡಿಸಬಹುದು. ಗಟ್ಟಿ ಹಲಗೆಯದು ಬೇರೆ ಕಥೆ. ಬಾಗದಿರಲಿ ಎಂದು ಅದಕ್ಕೆ ಗಾಜಿನ ನಾರು ಸೇರಿಸುತ್ತಾರೆ. ಅದನ್ನು ಕೊಯ್ದರೆ ಹಿಟ್ಟು ಏಳುತ್ತದೆ. ಕೆಳಗೆ ಬೀಳುವ ಹಿಟ್ಟಲ್ಲ. ಮೈ ಹುಡುಕಿಕೊಂಡು ಬರುತ್ತದೆ. ಸೀರೆಗೆ, ರೆಪ್ಪೆಗೆ, ಕತ್ತಿನ ಬೆವರಿಗೆ ಅಂಟಿಕೊಳ್ಳುತ್ತದೆ. ನಸುಗುನ್ನಿ ಸವರಿದ ಹಾಗೆ ತುರಿಕೆ. ಮನೆಗೆ ಹೋಗಿ ಮುದ್ದೆ ನುಂಗಿದರೆ ಗಂಟಲಲ್ಲಿ ಅದೇ ಗರಗರ. ರಾತ್ರಿ ಕಾಲೋನಿಯಲ್ಲಿ ಯಾವ ಮನೆಯಲ್ಲಿ ಕೆಮ್ಮಿದರೂ ಯಾರು ಎಂದು ಕೇಳಬೇಕಾಗಿಲ್ಲ. ಕೆಮ್ಮಿನಲ್ಲೇ ಫ್ಯಾಕ್ಟರಿ ಗೊತ್ತಾಗುತ್ತದೆ.

ಮಾಸ್ಕುಗಳು ಇರಲಿಲ್ಲ ಎಂದಲ್ಲ. ಇದ್ದವು. ಮೂಗಿನ ಮುಂದೆ ಗುಂಡನೆಯ ಜಾಲರಿ ಇದ್ದ ಒಳ್ಳೆಯ ಮಾಸ್ಕುಗಳು. ಕನ್ನಡಕ, ಗವಸು ಕೂಡ. ಎಲ್ಲ ಆಫೀಸಿನ ಗಾಜಿನ ಬೀರುವಿನಲ್ಲಿ. ಹೊರಗಿನವರು ಯಾರಾದರೂ ನೋಡಲು ಬಂದ ದಿನ ಬೀರು ತೆರೆಯುತ್ತಿತ್ತು. ಹೊರಟ ಅವರ ಕಾರು ಗೇಟು ದಾಟಿದ್ದೇ ತಡ, ಅನಿಲ್‌ಕುಮಾರ್ ಸೀನನ ಕೈಗೆ ಬುಟ್ಟಿ ಕೊಟ್ಟು ಕಳಿಸುತ್ತಿದ್ದ. ಎಲ್ಲರ ಮುಖದಿಂದ ಬಿಚ್ಚಿಸಿ ವಾಪಸ್ ತರಬೇಕು.

"ಹುಂಡಿ ಬಂತು ಹುಂಡಿ. ಕಾಣಿಕೆ ಹಾಕ್ರಮ್ಮಾ," ಎಂದು ಸೀನ ಸಾಲಾಗಿ ಬರುತ್ತಿದ್ದ.

ನಾವು ನಗುತ್ತಿದ್ದೆವು. ನಕ್ಕರೆ ಹಿಟ್ಟು ಇನ್ನೂ ಒಳಗೆ ಹೋಗುತ್ತದೆ. ಆದರೂ ನಗುತ್ತಿದ್ದೆವು.

ಆವಲಮ್ಮನ ದನಿಯ ವಿಷಯ ಹೇಳಬೇಕು. ಲಕ್ಕೂರಿನಾಚೆ ನಮ್ಮ ಊರು. ಊರಿನಾಚೆ ನಮ್ಮ ಕಾಲೋನಿ. ಕಾಲೋನಿಯ ಭಜನೆ ಮನೆಯಲ್ಲಿ ಶನಿವಾರ ಸಂಜೆ ಅವಳು ಹೇಳಿಕೊಡುತ್ತಾಳೆ, ನಾವು ಹಿಂದೆ ಹೇಳುತ್ತೇವೆ. ಕನ್ನಡದ ಪದ, ತೆಲುಗಿನ ತತ್ವ, ಎರಡೂ ಅವಳ ಬಾಯಲ್ಲಿ ಒಂದೇ ನೀರು. ಓದು ಬರಹ ಇಲ್ಲ. ಅವಳ ಅಪ್ಪ ಹೇಳಿದ್ದನ್ನು ಹೇಳಿ ಹೇಳಿ ಕಲಿತವಳು. ಅಪ್ಪ ಒಂದು ಸಾಲು, ಹಿಂದೆಯೇ ಇವಳು ಒಂದು ಸಾಲು. ಅರ್ಥ ಕೇಳುವ ಹಾಗಿರಲಿಲ್ಲ. ಮೊದಲು ಬಾಯಿಗೆ ಬರಲಿ, ಎದೆಗೆ ಅದೇ ಇಳಿಯುತ್ತದೆ ಅನ್ನುತ್ತಿದ್ದನಂತೆ. ನಾನು ಚಿಕ್ಕಂದಿನಿಂದ ಅವಳ ಹಿಮ್ಮೇಳ. ಅವಳು ಸಾಲು ಎತ್ತಿದರೆ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ಯೋಚನೆ ಮಾಡಿ ತೆರೆದದ್ದು ನನಗೆ ನೆನಪಿಲ್ಲ.

ಸ್ನಾನ ಮಾಡದೆ ಅವಳು ಪದ ಎತ್ತುವುದಿಲ್ಲ. "ಕೈ ಮುಗ್ದು ಹೇಳಿದ್ ಮಾತು ಸುಳ್ಳಾಗಬಾರ್ದು ಕಣೇ ಶ್ಯಾಮಲಾ," ಅನ್ನುತ್ತಾಳೆ.

ರಾಮನವಮಿಗೆ ಊರ ದೇವಸ್ಥಾನದವರಿಗೂ ಅವಳ ದನಿ ಬೇಕು. ಅವಳು ಬೇಡ. ಆಚೆಯ ಹುಣಸೆ ಮರದ ತನಕ ಮೈಕಿನ ವೈರು ಎಳೆಯುತ್ತಾರೆ. ಮರದ ಬುಡದಲ್ಲಿ ಗೋಣಿಚೀಲ ಹಾಕಿಕೊಂಡು ಕೂತು ಅವಳು ಹೇಳುತ್ತಾಳೆ. ದನಿ ವೈರಿನಲ್ಲಿ ಹರಿದು ಗರ್ಭಗುಡಿಯ ಮುಂದೆ ಹೊರಡುತ್ತದೆ. ಒಳಗಿನವರು ಕಣ್ಣು ಮುಚ್ಚಿ ದನಿಗೂಡಿಸುತ್ತಾರೆ. ಪಾನಕ ಮರದ ಹತ್ತಿರಕ್ಕೇ ಬರುತ್ತದೆ. ಪ್ಲಾಸ್ಟಿಕ್ ಲೋಟದಲ್ಲಿ, ಕುಡಿದು ಬಿಸಾಡಲಿ ಎಂದು.

"ದನಿಗೇನ್ ಮೈಲಿಗೆ ಐತಮ್ಮಾ? ದನಿ ಎಲ್ಲಿಗ್ ಬೇಕಾದ್ರೂ ಹೋಗುತ್ತೆ," ಎಂದಿದ್ದ ಒಮ್ಮೆ ಮುನಿರಾಮಪ್ಪ. ಊರ ಒಳಗಿನ ಬೀದಿಯವನು. ನಮ್ಮ ಫ್ಯಾಕ್ಟರಿಯ ಗೇಟು ಕಾಯುವವನೂ ಅವನೇ. ದೊಡ್ಡ ಮಾತು ಹೇಳಿದೆ ಎಂದುಕೊಂಡು ಮೀಸೆ ತೀಡಿದ.

ಆವಲಮ್ಮ ಪಾನಕವನ್ನು ಮರದ ಬುಡಕ್ಕೆ ಚೆಲ್ಲಿ ಎದ್ದಳು.

ಫ್ಯಾಕ್ಟರಿಯಲ್ಲಿ ಸೋಮವಾರ ಬೆಳಿಗ್ಗೆ ಸುರಕ್ಷತೆಯ ಪ್ರತಿಜ್ಞೆ. ಹೆಂಗಸರು ಒಂದು ಸಾಲು, ಗಂಡಸರು ಒಂದು ಸಾಲು. ಬಲಗೈ ಮುಂದೆ ಚಾಚಿ ನಿಲ್ಲಬೇಕು. ಮೊದಮೊದಲು ಅನಿಲ್‌ಕುಮಾರನೇ ಹೇಳಿಕೊಡುತ್ತಿದ್ದ. ನಾವು ಗೊಣಗುತ್ತಿದ್ದೆವು. ಒಂದು ದಿನ ಹಲಗೆ ಹೊರುತ್ತಾ ಆವಲಮ್ಮ ಪದ ಗುನುಗಿದ್ದು ಅವನ ಕಿವಿಗೆ ಬಿತ್ತು.

"ಇನ್ಮೇಲೆ ನೀನೇ ಹೇಳಿಕೊಡಮ್ಮ. ವಾಯ್ಸ್ ಚೆನ್ನಾಗಿದೆ ನಿಂದು."

ಅವನು ಓದಿದ. ಅವಳು ಕೇಳಿ ಬಾಯಿಗೆ ತಂದುಕೊಂಡಳು. ಮುಖಕ್ಕೆ ಮಾಸ್ಕ್ ಇಲ್ಲದೆ ಗರಗಸದ ಹತ್ತಿರ ಹೋಗುವುದಿಲ್ಲ. ಕೈಗೆ ಗವಸು ಇಲ್ಲದೆ ಹಲಗೆ ಮುಟ್ಟುವುದಿಲ್ಲ. ಪುಡಿಯನ್ನು ಗಾಳಿಗೆ ಬಿಡುವುದಿಲ್ಲ. ನನ್ನ ಸುರಕ್ಷತೆ ನನ್ನ ಹೊಣೆ. ಅವಳ ಬಾಯಲ್ಲಿ ಅದಕ್ಕೂ ಒಂದು ರಾಗ ಬಂತು. ಮುಖದ ಮೇಲೆ ಸೆರಗು ಬಿಟ್ಟರೆ ಬೇರೇನೂ ಇಲ್ಲದ ನಾವು ಗಟ್ಟಿಯಾಗಿ ಹಿಂದೆ ಹೇಳಿದೆವು.

ಮುಗಿದ ಮೇಲೆ ಅವಳು ಅನಿಲ್‌ಕುಮಾರನ ಹತ್ತಿರ ಹೋದಳು. "ಸಾರ್, ಮಾಸ್ಕ್ ಕೊಡ್ರಿ. ಬಾಯಾಗೆ ಹೇಳ್ಬಿಟ್ಟಿವ್ನಿ."

"ಕೊಡೋಣ ಬಿಡಮ್ಮ. ಮೊದ್ಲು ಅಭ್ಯಾಸ ಆಗ್ಲಿ."

"ಯಾವುದರ ಅಭ್ಯಾಸ ಸಾರ್?" ಸೀನ ಗರಗಸದ ಹಿಂದಿನಿಂದ ಕೇಳಿದ. "ಹಾಕ್ಕೊಳೋದ್ರದಾ, ಹೇಳೋದ್ರದಾ?"

ಸೀನನಿಗೆ ಆ ವಾರವೆಲ್ಲ ಗಟ್ಟಿ ಹಲಗೆಯನ್ನೇ ಕೊಯ್ಯಲು ಹಾಕಿದರು.

ಹಲಗೆ ಜೋಡಿಸುವವರಿಗೆ ಮಾತ್ರ ಟ್ರೈನಿಂಗ್ ಕೊಟ್ಟರು. ಬೆಂಗಳೂರಿನಿಂದ ಒಬ್ಬ ಬಂದು ಹೇಳಿದ. ಈ ಹಲಗೆ ಬಿಸಿಲಿಗೆ ಉದ್ದವಾಗುತ್ತದೆ, ಚಳಿಗೆ ಕುಗ್ಗುತ್ತದೆ. ಒತ್ತೊತ್ತಾಗಿ ಕೂರಿಸಿದರೆ ಉಬ್ಬಿ ಮೇಲೇಳುತ್ತದೆ. ತುದಿಗೆ ತುದಿ ತಾಗಿಸಬೇಡಿ, ನಡುವೆ ಸಂದು ಬಿಡಿ, ಹಲಗೆಗೂ ಉಸಿರಾಡಲು ಜಾಗ ಬೇಕು. ಗುಡಿಸುತ್ತಾ ಕೇಳಿಸಿಕೊಂಡ ಆವಲಮ್ಮ ನನ್ನ ಕಡೆ ನೋಡಿದಳು.

"ಕೇಳಿದ್ಯೇನೇ? ಹಲಗೆಗೆ ಉಸಿರು ಬೇಕಂತೆ."

ಶಿವರಾತ್ರಿಗೆ ಮುಂಚಿನ ಚಳಿಯಲ್ಲಿ ಅವಳ ಮಗಳು ತೇಜಸ್ವಿನಿ ಹೆತ್ತಳು. ಹೆಣ್ಣು ಮಗು. ಹೆರಿಗೆಗೆಂದು ತವರಿಗೆ ಬಂದಿದ್ದಳು. ಆವಲಮ್ಮನಿಗೆ ಗಂಡ ಇಲ್ಲ. ಇರುವವಳು ಅವಳೊಬ್ಬಳೇ ಮಗಳು. ಮಗು ಹುಟ್ಟಿದಾಗ ಅತ್ತ ಅಳು ನಮ್ಮ ಬೀದಿಯ ಕೊನೆಗೂ ಕೇಳಿಸಿತ್ತು. "ಅಜ್ಜಿ ಗಂಟ್ಲು ಬಂದೈತೆ," ಎಂದು ನಗಾಡಿದೆವು. ಬಾಣಂತಿಗೆ ನೀರು ಹಾಕಲು ಪಕ್ಕದ ಮನೆಯ ಭಾರತಮ್ಮ ಒಪ್ಪಿಕೊಂಡಳು. ಕಾಲೋನಿಯ ಎಲ್ಲ ಬಾಣಂತಿಯರಿಗೂ ಅವಳದೇ ಕೈ.

ಅದೇ ಹೊತ್ತಿಗೆ ಫ್ಯಾಕ್ಟರಿಗೆ ದೊಡ್ಡ ಕಂಪನಿಯವರು ಬರುತ್ತಾರೆ ಎಂದು ಸುದ್ದಿ ಬಂತು. ಹಲಗೆ ಕೊಳ್ಳುವವರು. ಬರುವ ಮುಂಚೆ ಎಲ್ಲ ಶುಚಿಯಾಗಬೇಕು. ಹಿತ್ತಲಲ್ಲಿ ಗಟ್ಟಿ ಹಲಗೆಯ ತುಂಡುಗಳು ಆಳೆತ್ತರ ಬಿದ್ದಿದ್ದವು. ಗಾಜಿನ ನಾರು ಸೇರಿದ ತುಂಡನ್ನು ಮತ್ತೆ ಕರಗಿಸಿದರೆ ಮಷೀನು ಕೆಡುತ್ತದೆ. ಹಾಗಾಗಿ ಬಿದ್ದಿದ್ದವು.

ಅನಿಲ್‌ಕುಮಾರ್ ಸಂಜೆ ನಮ್ಮನ್ನು ಹಿತ್ತಲಿಗೆ ಕರೆದ. "ಸೌದೆ ಬೇಕಾದೋರು ತುಂಬ್ಕೊಂಡು ಹೋಗ್ರಿ. ಹಬ್ಬಕ್ಕೆ ಕಂಪನಿ ಕಡೆಯಿಂದ."

"ಇದು ಉರಿಯುತ್ತಾ ಸಾರ್?" ನಾನು ಕೇಳಿದೆ.

"ಉರಿಯುತ್ತಾ ಅಂತಾಳೆ! ಸೀಮೆಎಣ್ಣೆನೂ ಬೇಡಮ್ಮ, ಒಂದು ಕಡ್ಡಿ ಗೀರು, ನೋಡು."

ಆವಲಮ್ಮ ಒಂದು ತುಂಡು ಎತ್ತಿ ತಿರುಗಿಸಿ ನೋಡಿದಳು. "ಮನೇಲಿ ಬಾಣಂತಿ ಅವ್ಳೆ ಸಾರ್. ಹಂಡೆ ನೀರು ಕಾಯ್ಸಕ್ ಆಗುತ್ತಾ?"

"ಬಾಣಂತಿಗಾ? ಹಂಗಾದ್ರೆ ಇನ್ನೊಂದು ಚೀಲ ತಗೋ." ತಾನೇ ಕೈಕೊಟ್ಟು ಚೀಲವನ್ನು ಅವಳ ತಲೆಯ ಮೇಲೆ ಏರಿಸಿದ. ಅವಳು ಕೈ ಮುಗಿದಳು. ಎರಡೂ ಕೈ ಚೀಲ ಬಿಟ್ಟು ಮುಗಿದಳು. ನಾನು ಹಿಂದಿನಿಂದ ಚೀಲ ಹಿಡಿದುಕೊಂಡೆ.

ದಿನವೂ ನಮ್ಮ ಊಟದ ಡಬ್ಬಿ ಬಿಚ್ಚಿಸಿ ನೋಡುವ ಮುನಿರಾಮಪ್ಪ ಅವತ್ತು ಗೇಟನ್ನು ಅಗಲವಾಗಿ ತೆರೆದು ನಿಂತ. ಚೀಲಗಳು ಕಂಪನಿಯ ವ್ಯಾನಿನಲ್ಲೇ ಕಾಲೋನಿಗೆ ಬಂದವು.

ನಮಗೆ ಅನುಮಾನ ಬರಲಿಲ್ಲ. ಊರಲ್ಲಿ ಬಡಗಿ ಕೆಲಸ ಎಲ್ಲೇ ನಡೆದರೂ ಚೂರು, ಚಕ್ಕೆ ನಮ್ಮ ಒಲೆಗೆ ಬರುವುದು ತಾತನ ಕಾಲದಿಂದ ನಡೆದದ್ದು. ಕಿಟಕಿ ಅವರಿಗೆ, ಚಕ್ಕೆ ನಮಗೆ. ಹಲಗೆ ಕೊಯ್ದ ಕಡೆ ಉಳಿದದ್ದು ಸೌದೆ. ಅಷ್ಟೇ ನಮಗೆ ಗೊತ್ತಿದ್ದದ್ದು. ಅದು ಕ್ರೇಟು, ಪಾಕೀಟು ಎಂದು ಕೈಗೆ ಗೊತ್ತಿತ್ತು. ದಿನವೂ ನಾವೇ ಹೊರುತ್ತಿದ್ದೆವು. ಆದರೂ ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದಾಗ ಅದು ಚಕ್ಕೆಯಾಗಿತ್ತು.

ಆವಲಮ್ಮನ ಬಚ್ಚಲು ಎಂದರೆ ನಾಲ್ಕು ಕಡೆ ಕಲ್ಲು ಚಪ್ಪಡಿ, ಮೇಲೆ ತಗಡು, ಒಳಗೇ ಹಂಡೆ ಒಲೆ. ಬಾಣಂತಿಗೆ ಗಾಳಿ ತಾಗಬಾರದು. ಭಾರತಮ್ಮ ಬಾಗಿಲಿಗೆ ಗೋಣಿ ಬಿಟ್ಟಳು, ಚಪ್ಪಡಿಯ ಸಂದುಗಳಿಗೆ ಹಳೆ ಬಟ್ಟೆ ತುರುಕಿದಳು. ತುಂಡುಗಳು ಚೆನ್ನಾಗಿ ಹತ್ತಿಕೊಂಡವು. ಹೊಗೆ ಕಪ್ಪಗೆ ಬರುತ್ತಿತ್ತು, ಕೆಂಡದ ಬದಲು ಬೆಂಕಿಯ ಹನಿ ತೊಟ್ಟಿಕ್ಕುತ್ತಿತ್ತು. ನೀರು ಮಾತ್ರ ಬೇಗ ಕಾಯುತ್ತಿತ್ತು. "ಏನ್ ಸೌದೆನಮ್ಮಾ ಇದು, ಊದೋದೇ ಬೇಡ," ಎಂದು ಭಾರತಮ್ಮ ಮೆಚ್ಚಿಕೊಂಡಳು. ಮೈ ತುಂಬ ನೀರು ಹಾಕಿದ ಮೇಲೆ ಬಾಣಂತಿ ಆ ಶಾಖದಲ್ಲೇ ಬೆವರುತ್ತಾ ಕೂರಬೇಕು. ಅದು ಪದ್ಧತಿ. ಆಮೇಲೆ ಮಗುವನ್ನೂ ಅಲ್ಲೇ ಕಾಲ ಮೇಲೆ ಹಾಕಿಕೊಂಡು ತೊಳೆಯುವುದು.

ತೇಜಸ್ವಿನಿ ಕೆಮ್ಮಿದಳು. ಶೀತ ಅಂದರು. ಮಗು ಹಾಲು ಕುಡಿಯಲಿಲ್ಲ. ದೃಷ್ಟಿ ಅಂದರು. ದೃಷ್ಟಿ ತೆಗೆದು ಆ ಮೆಣಸಿನಕಾಯಿಯನ್ನೂ ಅದೇ ಒಲೆಗೆ ಹಾಕಿದರು.

ಭಾನುವಾರ ಬೆಳಿಗ್ಗೆ ಭಾರತಮ್ಮ ಬೀದಿಗೆ ಬಂದು ಕಿರುಚಿದಳು. ನಾನು ಓಡಿದೆ. ಗೋಣಿ ಸರಿಸಿದರೆ ಒಳಗೆ ಏನೂ ಕಾಣುತ್ತಿರಲಿಲ್ಲ. ತೇಜಸ್ವಿನಿ ಹಂಡೆಗೆ ಒರಗಿಕೊಂಡು ಬಿದ್ದಿದ್ದಳು. ಮೈಯೆಲ್ಲ ಒದ್ದೆ, ಮೂಗಿನ ಹೊಳ್ಳೆ ಕಪ್ಪು. ಮಗು ಭಾರತಮ್ಮನ ಕೈಯಲ್ಲಿತ್ತು. ಬಾಯಿ ತೆರೆದಿತ್ತು. ಅಳು ಬರುತ್ತಿರಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಕೋಲಾರದ ದೊಡ್ಡಾಸ್ಪತ್ರೆಯಲ್ಲಿ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಗಂಟಲಿಗೆ ನಳಿಗೆ ಇಳಿಸಿದರು. ತೇಜಸ್ವಿನಿ ಆಚೆ ವಾರ್ಡಿನಲ್ಲಿ. ಡಾಕ್ಟರಮ್ಮ ಹೊರಗೆ ಬಂದು ಕೇಳಿದಳು.

"ಏನು ಸುಟ್ರಿ?"

"ಸೌದೆ," ಎಂದಳು ಆವಲಮ್ಮ.

"ಎಂಥ ಸೌದೆ?"

ಆವಲಮ್ಮನ ಸೊಂಟದಲ್ಲಿ ಒಂದು ತುಂಡು ಇತ್ತು. ಒಲೆಗೆ ಹಾಕಲು ಎತ್ತಿಕೊಂಡದ್ದನ್ನು ಹಾಗೆಯೇ ಸಿಕ್ಕಿಸಿಕೊಂಡು ಬಂದಿದ್ದಳು. ತೆಗೆದು ಕೊಟ್ಟಳು. ಡಾಕ್ಟರಮ್ಮ ಉಗುರಿನಿಂದ ಕೆರೆದು ನೋಡಿದಳು.

"ಇದು ಪ್ಲಾಸ್ಟಿಕ್ ಅಲ್ವೇನಮ್ಮ? ಮುಚ್ಚಿದ ಬಚ್ಚಲಲ್ಲಿ ಇದನ್ನ ಸುಡ್ತಾರಾ? ಯಾರು ಹೇಳಿದ್ದು ನಿಮಗೆ?"

"ಕೊಟ್ಟೋರು," ಎಂದಳು ಆವಲಮ್ಮ.

ಮಾರನೆಯ ದಿನ ಆಸ್ಪತ್ರೆಯಿಂದ ನೇರವಾಗಿ ಫ್ಯಾಕ್ಟರಿಗೆ ಬಂದಳು. ನಾನು ಜೊತೆಗಿದ್ದೆ. ಅನಿಲ್‌ಕುಮಾರ್ ಕಾಫಿ ಕುಡಿಯುತ್ತಿದ್ದ. ಕೂರು ಅನ್ನಲಿಲ್ಲ.

"ಸಾರ್, ನೀವ್ ಕೊಟ್ಟ ಸೌದೆಯಿಂದ ಮಗು ಹಿಂಗಾಗೈತೆ."

"ಕೇಳ್ದೆ. ಪಾಪ. ಆದ್ರೆ ಸುಡಿ ಅಂತ ಯಾರಮ್ಮ ಹೇಳಿದ್ದು?"

"ನೀವೇ ಸಾರ್. ಕಡ್ಡಿ ಗೀರು ಅಂದ್ರಿ."

"ನಾನಾ? ಬೇಲಿಗೆ, ಕೋಳಿ ಗೂಡಿಗೆ ಆಗುತ್ತೆ ಅಂತ ಕೊಟ್ಟಿದ್ದು. ನಿಮ್ಮ ಬುದ್ಧಿಗೆ ಏನು ಹೇಳೋದು? ಸಿಕ್ಕಿದ್ದೆಲ್ಲ ಒಲೆಗೆ ಹಾಕೋ ಜನ."

ನಾನು ಬಾಯಿ ತೆರೆದೆ. "ಬಾಣಂತಿಗೆ ಅಂತ ಇನ್ನೊಂದು ಚೀಲ..."

"ನೀನು ನಿನ್ನ ಕೆಲಸ ನೋಡ್ಕೋ ಶ್ಯಾಮಲಾ. ನಿನಗೂ ಮನೆ ಇದೆ, ಮಕ್ಕಳಿದಾರೆ."

ಆವಲಮ್ಮ ಅಲ್ಲೇ ನಿಂತಿದ್ದಳು. ಕಾಫಿ ಮುಗಿಯುವ ತನಕ ನಿಂತಿದ್ದಳು. ಅವನು ಲೋಟ ಕೆಳಗಿಟ್ಟು ಫೋನು ಕೈಗೆತ್ತಿಕೊಂಡ.

"ಬಂದಿದ್ದು ಒಳ್ಳೇದೇ ಆಯ್ತು. ನಾಡಿದ್ದು ಅವರು ಬರ್ತಾರೆ. ಪ್ರತಿಜ್ಞೆ ಒಂದು ಸಲ ಪ್ರಾಕ್ಟೀಸ್ ಮಾಡ್ಬಿಡೋಣ. ಒಂದು ಸಾಲು ಹೊಸದಾಗಿ ಸೇರಿದೆ. ನಾನು ಹೇಳ್ತೀನಿ, ಹಿಂದೆ ಹೇಳು."

ಅವನು ಹೇಳಿದ. ಅವಳು ಹೇಳಿದಳು. ಅವನು ಒಂದು ಸಾಲು, ಹಿಂದೆಯೇ ಅವಳು ಒಂದು ಸಾಲು. ರಾತ್ರಿಯೆಲ್ಲ ನಿದ್ದೆ ಇಲ್ಲದ ಹೆಂಗಸು. ಕಣ್ಣು ಗೋಡೆಯ ಮೇಲೆ, ಜೀವ ಗಾಜಿನ ಪೆಟ್ಟಿಗೆಯ ಹತ್ತಿರ. ಬಾಯಿ ಮಾತ್ರ ಅಪ್ಪ ಕಲಿಸಿದ ಹಾಗೆ ಕೇಳಿದ್ದನ್ನು ಹೇಳಿತು. ಮುಖಕ್ಕೆ ಮಾಸ್ಕ್. ಕೈಗೆ ಗವಸು. ಆಮೇಲೆ ಹೊಸ ಸಾಲು: ತುಂಡುಗಳನ್ನು ಕದ್ದು ಒಯ್ಯುವುದಿಲ್ಲ, ಮನೆಯಲ್ಲಿ ಸುಡುವುದಿಲ್ಲ. ಕೊನೆಗೆ, ನನ್ನ ಸುರಕ್ಷತೆ ನನ್ನ ಹೊಣೆ.

ಅಷ್ಟು ಸುಸ್ತಿನಲ್ಲೂ ರಾಗ ತಪ್ಪಲಿಲ್ಲ.

ಫೋನು ಅವಳ ಬಾಯಿಯ ಮುಂದೆ ಇತ್ತು. ಅವನು ಅದನ್ನು ಒತ್ತಿ ಜೇಬಿಗೆ ಹಾಕಿಕೊಂಡ. "ಸೂಪರ್."

ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದಳು. ತೊಳೆಯುತ್ತಾ ಕೈ ನಿಂತಿತು. ಸಾಲು ಈಗ ಎದೆಗೆ ಇಳಿಯಿತು.

"ಕದ್ದು ಅಂದ್ನಾ ನಾನು, ಶ್ಯಾಮಲಾ?"

"ಅಂದೆ ಅಕ್ಕಾ."

ಓಡಿಹೋದಳು. ಒದ್ದೆ ಮುಖದಲ್ಲೇ ಆಫೀಸಿನ ಬಾಗಿಲು ಬಡಿದಳು. "ಸಾರ್, ಅದನ್ನ ಅಳಿಸ್ರಿ. ನಾ ಹೇಳಿದ್ದು ತಪ್ಪು. ನಾವ್ ಕದ್ದಿಲ್ಲ."

"ಆಯ್ತು, ಅಳಿಸ್ತೀನಿ ಹೋಗಮ್ಮ," ಎಂದಿತು ಒಳಗಿನಿಂದ ದನಿ.

ಅವರು ಬಂದರು. ಮೂರು ಕಾರು. ಬೀರು ತೆರೆಯಿತು, ಮಾಸ್ಕು ಬಂದವು. ಕನ್ನಡಕದ ಒಳಗೆ ನಮಗೆ ನಮ್ಮವರದೇ ಗುರುತು ಸಿಗುತ್ತಿರಲಿಲ್ಲ. ಬಂದವರು ಹಲಗೆ ಸವರಿ ನೋಡಿದರು, ಮರದ ಹಾಗೇ ಇದೆ ಎಂದು ಖುಷಿಪಟ್ಟರು. ನಮ್ಮ ಹಿತ್ತಲು ನೋಡಿದರು. ಖಾಲಿ ಹಿತ್ತಲು. ಒಂದು ತುಂಡೂ ಇರಲಿಲ್ಲ. ಎಲ್ಲ ನಮ್ಮ ಒಲೆಗಳಲ್ಲಿ ಉರಿದು ನಮ್ಮ ಎದೆಯೊಳಗೆ ಹೋಗಿತ್ತು.

ಸಾಲಾಗಿ ನಿಂತೆವು. ಆವಲಮ್ಮ ಮುಂದೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ಕೂದಲ ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು. ಬಲಗೈ ಚಾಚಿದೆವು. ಅವಳು ಚಾ‍ಚಲಿಲ್ಲ.

"ಹೇಳಮ್ಮ," ಎಂದ ಅನಿಲ್‌ಕುಮಾರ್, ನಗುತ್ತಾ.

ಹೇಳಲಿಲ್ಲ. ಮಷೀನುಗಳನ್ನು ನಿಲ್ಲಿಸಿದ್ದರು. ಆ ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದ ನಾನು ಯಾವತ್ತೂ ಕೇಳಿರಲಿಲ್ಲ. ತಗಡಿನ ಮೇಲೆ ಕಾಗೆ ನಡೆದದ್ದು ಕೇಳಿಸಿತು.

ಅವಳು ಮಾಸ್ಕ್ ಬಿಚ್ಚಿದಳು. ಬಂದವರ ಮುಂದೆ ಹಿಡಿದಳು.

"ಇದು ಇವತ್ತಿಂದು. ನೀವು ಹೋದ ಮೇಲೆ ಬುಟ್ಟಿಗೆ ಹಾಕ್ತೀವಿ. ನಾವ್ ತುಂಡು ಕದ್ದಿಲ್ಲ. ಸೌದೆ ಅಂತ ಕೊಟ್ರು, ತಲೆ ಮೇಲೆ ಇವ್ರೇ ಎತ್ತಿಟ್ರು, ಸುಟ್ವಿ. ನನ್ ಮೊಮ್ಮಗಳು ಕೋಲಾರದಾಗೆ ಉಸಿರಿಲ್ಲದೆ ಮಲಗವ್ಳೆ. ಆ ಸಾಲು ನಾ ಹೇಳಲ್ಲ."

ಬಂದವರು ಅನಿಲ್‌ಕುಮಾರನ ಮುಖ ನೋಡಿದರು. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಉದ್ದವಾಗಿ ಹೇಳಿದ. ಎದೆಯ ಮೇಲೆ ಕೈಯಿಟ್ಟು ಹೇಳಿದ. ಅವರ ಮುಖ ಅರಳಿತು. ಚಪ್ಪಾಳೆ ತಟ್ಟಿದರು. ಬಿಳಿ ಕೂದಲಿನ ಒಬ್ಬರು ಮುಂದೆ ಬಂದು ಆವಲಮ್ಮನಿಗೆ ತಲೆಬಾಗಿ ನಮಸ್ಕಾರ ಮಾಡಿದರು.

ಅವರಲ್ಲಿ ಒಬ್ಬ ಹುಡುಗಿಗೆ ಕನ್ನಡ ಬರುತ್ತಿತ್ತು. ಬಂದಾಗ ನಮ್ಮನ್ನು "ಚೆನ್ನಾಗಿದೀರಾ?" ಎಂದು ಕೇಳಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ತಲೆ ತಗ್ಗಿಸಿ ಫೋನು ನೋಡುತ್ತಾ ನಿಂತಳು. ಕಾರು ಹತ್ತುವ ತನಕ ತಲೆ ಎತ್ತಲಿಲ್ಲ.

ನಾವೂ ಏನೂ ಹೇಳಲಿಲ್ಲ. ಆವಲಮ್ಮ ಹೇಳಿದ್ದು ರಾಗದಲ್ಲಿ ಇರಲಿಲ್ಲ. ಹಿಂದೆ ಹೇಳಬೇಕಾದ ಸಾಲು ಅದು ಎಂದು ನಮ್ಮ ಬಾಯಿಗಳಿಗೆ ತಿಳಿಯಲಿಲ್ಲ.

ಮಾರನೆಯ ದಿನ ಮುನಿರಾಮಪ್ಪ ನನ್ನೊಬ್ಬಳಿಗೆ ಗೇಟಿನ ಸಣ್ಣ ಬಾಗಿಲು ತೆರೆದ. ಆವಲಮ್ಮನಿಗೆ ಅಡ್ಡ ನಿಂತ.

"ಬಿಡಬೇಡ ಅಂದವ್ರೆ ಆವಲಮ್ಮ. ನಾನೇನ್ ಮಾಡ್ಲಿ, ಹೊಟ್ಟೆಪಾಡು."

ಹಲಗೆಯ ಇನ್ನೊಂದು ತುದಿಗೆ ರಮ್ಯ ಎಂಬ ಹೊಸ ಹುಡುಗಿಯನ್ನು ಹಾಕಿದರು. ಅವಳು ಬೇಗ ಬೇಗ ನಡೆಯುತ್ತಾಳೆ. ನಡು ಬಾಗಿ ಹಲಗೆ ನನ್ನ ಮೊಣಕಾಲಿಗೆ ಹೊಡೆಯುತ್ತದೆ.

ಸೋಮವಾರ ಬಂತು. ಕೈ ಚಾಚಿ ನಿಂತೆವು. ಮುಂದೆ ಯಾರೂ ಇರಲಿಲ್ಲ. ಕಂಬಕ್ಕೆ ಹೊಸದಾಗಿ ಒಂದು ಸ್ಪೀಕರು ಕಟ್ಟಿದ್ದರು. ಅನಿಲ್‌ಕುಮಾರ್ ಫೋನು ಒತ್ತಿದ.

ಆವಲಮ್ಮ ಬಂದಳು. ಅವಳ ದನಿ ಬಂತು. ಭಜನೆ ಮನೆಯಲ್ಲಿ ಕೇಳಿದ ಅದೇ ದನಿ, ಹುಣಸೆ ಮರದ ಕೆಳಗಿನಿಂದ ವೈರಿನಲ್ಲಿ ಹೋದ ಅದೇ ದನಿ. ನನ್ನ ಬಾಯಿ ತಾನಾಗಿ ತೆರೆಯಿತು. ಎಲ್ಲರ ಬಾಯಿಯೂ. ಮಾಸ್ಕ್ ಇಲ್ಲದೆ ಎಂದೆವು. ಗವಸು ಇಲ್ಲದೆ ಎಂದೆವು. ಕದ್ದು ಒಯ್ಯುವುದಿಲ್ಲ ಎಂದೆವು. ಹೇಳಿ ಮುಗಿದ ಮೇಲೆ ಸೀನ ಉಗುಳಿದ. ಎಷ್ಟು ಉಗುಳಿದರೂ ಆ ಸಾಲು ಬಾಯಿಯಿಂದ ಹೋಗಲಿಲ್ಲ.

ಆ ವಾರ ಮಗು ಮನೆಗೆ ಬಂತು. ನಾನು ನೋಡಲು ಹೋದೆ. ಉಸಿರಾಡುತ್ತಿತ್ತು. ಉಸಿರಿಗೆ ಸದ್ದಿತ್ತು, ಒಣ ಎಲೆಯ ಮೇಲೆ ಓತಿಕ್ಯಾತ ಸರಿದ ಹಾಗೆ. ಹಸಿವಾಗಿ ಅತ್ತಿತು. ಮುಖ ಕೆಂಪಾಯಿತು, ಬಾಯಿ ಅಗಲವಾಯಿತು, ಕಾಲು ಒದೆಯಿತು. ದನಿ ಬರಲಿಲ್ಲ. ಬರುತ್ತದೋ ಇಲ್ಲವೋ ಡಾಕ್ಟರಮ್ಮ ಹೇಳಲಾರಳು. ತೇಜಸ್ವಿನಿ ಮಗುವಿನ ಮುಖವನ್ನೇ ನೋಡುತ್ತಾ ಕೂತಿದ್ದಳು. ಕಣ್ಣು ಬೇರೆ ಕಡೆ ಹೊರಳಿದರೆ ಮಗು ಅಳುವುದು ಗೊತ್ತಾಗುವುದಿಲ್ಲ.

ಸ್ಪೀಕರಿನ ವಿಷಯ ನಾನು ಆವಲಮ್ಮನಿಗೆ ಹೇಳಲೇಬೇಕಿತ್ತು. ಹೇಳಿದೆ.

"ನನ್ ದನಿ ಒಳಗೈತಾ?"

"ಐತೆ ಅಕ್ಕಾ."

"ಆ ಸಾಲೂನಾ?"

"ಅದೂನು."

ಆ ಶನಿವಾರ ಭಜನೆ ಮನೆಗೆ ಅವಳು ಬರಲಿಲ್ಲ. ದೀಪ ಹಚ್ಚಿ ಕೂತು ಕಾದೆವು. ಯಾರೂ ಸಾಲು ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನಾವು ವ್ಯಾನಿನಿಂದ ಇಳಿದಾಗ ಅವಳು ಗೇಟಿನ ಹೊರಗೆ ನಿಂತಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಹಣೆಯಲ್ಲಿ ವಿಭೂತಿ. ಮುನಿರಾಮಪ್ಪ ಲಾಠಿ ಅಡ್ಡ ಹಿಡಿದಿದ್ದ.

"ನಿಂಗಿಲ್ಲಿ ಕೆಲ್ಸ ಇಲ್ಲ ಅಂದೆನಲ್ಲಮ್ಮ. ಯಾಕ್ ಬಂದೆ?"

"ಕೆಲ್ಸಕ್ಕಲ್ಲ. ನನ್ ದನಿ ಒಳಗಿಟ್ಕೊಂಡವ್ರೆ. ತಗೊಂಡೋಗಕ್ ಬಂದೆ."

"ದನಿ ಹೆಂಗಮ್ಮ ತಗೊಂಡೋಗ್ತೀಯಾ? ಚೀಲದಾಗೆ ತುಂಬ್ಕೊಂಡಾ?" ನಗಲು ನೋಡಿದ.

"ದನಿಗೆ ಮೈಲಿಗೆ ಇಲ್ಲ ಅಂದಿದ್ಯಲ್ಲ ಮುನಿರಾಮಪ್ಪ? ಐತೆ. ನನ್ ದನಿಗೆ ಮೈಲಿಗೆ ಆಗೈತೆ. ಅದನ್ನ ಸುಳ್ಳು ಮುಟ್ಟೈತೆ."

ಅವನು ಲಾಠಿ ಕೆಳಗಿಳಿಸಿದ. ಗೇಟು ಮಾತ್ರ ತೆರೆಯಲಿಲ್ಲ. ನಮ್ಮನ್ನು ಸಣ್ಣ ಬಾಗಿಲಿನಿಂದ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ದಾಟುವಾಗ ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಕಂಬದ ಮೇಲಿನ ಸ್ಪೀಕರನ್ನು ನೋಡುತ್ತಿದ್ದಳು.

ಕೈ ಚಾಚಿ ನಿಂತೆವು. ಅನಿಲ್‌ಕುಮಾರ್ ಫೋನು ಒತ್ತಿದ.

ಮುಖಕ್ಕೆ ಮಾಸ್ಕ್ ಇಲ್ಲದೆ ಗರಗಸದ ಹತ್ತಿರ ಹೋಗುವುದಿಲ್ಲ, ಎಂದಿತು ಕಂಬದ ಮೇಲಿನ ಆವಲಮ್ಮನ ದನಿ.

ನಾವು ಬಾಯಿ ತೆರೆಯುವ ಮೊದಲೇ ಗೇಟಿನ ಕಡೆಯಿಂದ ಅದೇ ರಾಗದಲ್ಲಿ, ಅದೇ ಶ್ರುತಿಯಲ್ಲಿ ಬಂತು:

"ಮಾಸ್ಕು ಬೀರಿನಾಗೈತೆ."

ಸಾಲಿನಲ್ಲಿ ಯಾರೂ ಮಿಸುಕಲಿಲ್ಲ. ಸ್ಪೀಕರು ಮುಂದಕ್ಕೆ ಹೋಯಿತು. ಅದಕ್ಕೆ ಕಾಯಲು ಬರುವುದಿಲ್ಲ. ಕೈಗೆ ಗವಸು ಇಲ್ಲದೆ ಹಲಗೆ ಮುಟ್ಟುವುದಿಲ್ಲ.

"ಕೈ ನೋಡ್ಕೊಳ್ರಪ್ಪಾ."

ನಾವು ಚಾಚಿದ ಕೈಗಳನ್ನು ನೋಡಿಕೊಂಡೆವು. ಸೀನ ತುದಿಯಿಲ್ಲದ ಬೆರಳನ್ನು ನೋಡಿದ. ಅನಿಲ್‌ಕುಮಾರ್ ಫೋನಿನಲ್ಲಿ ಏನೋ ತಿರುಗಿಸಿದ. ಸ್ಪೀಕರು ಕಿವಿ ಹರಿಯುವ ಹಾಗೆ ಕೂಗತೊಡಗಿತು. ಗೇಟಿನ ಕಡೆಯ ದನಿಯೂ ಏರಿತು. ಒಂದೇ ದನಿ ಎರಡು ಕಡೆಯಿಂದ. ಒಂದು ಒಳಗೆ, ಒಂದು ಹೊರಗೆ. ಒಳಗಿನದು ಕೆಮ್ಮುತ್ತಿರಲಿಲ್ಲ. ಹೊರಗಿನದು ನಡುನಡುವೆ ಕೆಮ್ಮುತ್ತಿತ್ತು.

"ಹಿಂದೆ ಹೇಳ್ರಿ!" ಅನಿಲ್‌ಕುಮಾರ್ ಕಿರುಚಿದ. "ಏನ್ ನೋಡ್ತಿದೀರಾ? ಹೇಳ್ರಿ!"

ತುಂಡುಗಳನ್ನು ಕದ್ದು ಒಯ್ಯುವುದಿಲ್ಲ, ಮನೆಯಲ್ಲಿ ಸುಡುವುದಿಲ್ಲ.

ಗೇಟು ಸುಮ್ಮನಾಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಪದ ಎತ್ತುವ ಮುಂಚೆ ಅವಳು ಹಾಗೆ ಎಳೆದುಕೊಳ್ಳುವುದು ನನಗೆ ಗೊತ್ತು.

"ಬಾಣಂತಿಗೆ ಅಂತ ನೀವೇ ಕೊಟ್ರಿ."

ಸ್ಪೀಕರು ತನ್ನ ಕೊನೆಯ ಸಾಲನ್ನು ಹೇಳಿ ನಿಂತುಹೋಯಿತು. ಗೇಟಿನ ದನಿ ಅದೇ ಸಾಲನ್ನು ಇನ್ನೊಮ್ಮೆ ಎತ್ತಿತು, ಭಜನೆಯಲ್ಲಿ ಹಿಮ್ಮೇಳ ತಪ್ಪಿದಾಗ ಎತ್ತುವ ಹಾಗೆ. "ಬಾಣಂತಿಗೆ ಅಂತ ನೀವೇ ಕೊಟ್ರಿ." ಆಮೇಲೆ ಕಾಯಿತು.

ಅನಿಲ್‌ಕುಮಾರ್ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದ. ನನ್ನ ಮುಂದೆ ನಿಂತ. ಗೇಟು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ನಾಳೆ ನನಗೂ ತಿಳಿಯುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳು. ಅದೆಲ್ಲ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿತ್ತು. ಇರಲಿಲ್ಲ ಎಂದರೆ ಸುಳ್ಳು.

ಚಾಚಿದ ಕೈ ಕೆಳಗಿಳಿಸಿದೆ. ಎರಡೂ ಕೈ ಮುಗಿದೆ. ನನ್ನ ಬಾಯಿ ಈ ಸಲ ತಾನಾಗಿ ತೆರೆಯಲಿಲ್ಲ.

ನಾನು ತೆರೆದೆ.